ಕಟ್ ಹೇಳಿದ ಮೇಲಿನ ಮಾತು

ಸ್ವೀಡನ್‌ನ ನಟ ಬಿಲ್ ಸ್ಕಾರ್ಸ್‌ಗಾರ್ಡ್ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದ ಹಳೆಯ ಪ್ರಸಂಗವೊಂದು ಈ ವಾರ ಮತ್ತೆ ಕಣ್ಣಿಗೆ ಬಿತ್ತು. ಅಲ್ಲಿಂದ ಅದು ತಲೆ ಬಿಟ್ಟು ಕದಲುತ್ತಿಲ್ಲ. 2016ರ ಬೇಸಿಗೆ, ಕೆನಡಾದಲ್ಲಿ 'ಇಟ್' ಎಂಬ ಹೆದರಿಸುವ ಚಿತ್ರದ ಶೂಟಿಂಗ್. ಪಾಳುಮನೆಯೊಳಗೆ ಕೈ ಮುರಿದು ಬಿದ್ದ ಹುಡುಗನ ಮುಖವನ್ನು ಬಿಲ್ ಆಡುವ ಪೆನಿವೈಸ್ ಎಂಬ ಕೋಡಂಗಿ ಹಿಡಿದು, ಜೊಲ್ಲು ಸುರಿಸುತ್ತ ಅರಚಬೇಕು. ಹುಡುಗನ ಪಾತ್ರದಲ್ಲಿ ಜ್ಯಾಕ್ ಡಿಲನ್ ಗ್ರೇಜರ್, ಆಗಿನ್ನೂ 12 ವರ್ಷ. ಟೇಕ್ ನಡೆಯುವಾಗ ಹುಡುಗ ಅಳುತ್ತಿದ್ದಾನೆ, ಓಕರಿಸುತ್ತಿದ್ದಾನೆ. ಕಟ್ ಅಂದ ಕೂಡಲೇ ಬಿಲ್‌ಗೆ ಗಾಬರಿ. ಏನೂ ಆಗಲಿಲ್ಲ ತಾನೆ ಅಂತ ಕೇಳುತ್ತಾನೆ. ಹುಡುಗ ಅಷ್ಟೇ ನಿರಾಳವಾಗಿ, ಈ ಪಾತ್ರಕ್ಕೆ ನೀವು ಮಾಡುತ್ತಿರುವುದು ನನಗೆ ಬಹಳ ಹಿಡಿಸಿದೆ ಅಂತಾನೆ.

ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗು ಬರುವಂಥದ್ದೇ. ಆದರೆ ಆ ಮಾತನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡಷ್ಟೂ ಅದು ಮಗುವಿನ ಮುದ್ದುಮಾತಾಗಿ ಕೇಳುವುದಿಲ್ಲ. ಒಬ್ಬ ಕೆಲಸಗಾರ ಪಕ್ಕದ ಕೆಲಸಗಾರನ ಕೈಚಳಕ ನೋಡಿ ಹೇಳುವ ಮೆಚ್ಚುಗೆ ಅದು. ಅಳುತ್ತಿದ್ದಾಗಲೂ ಹುಡುಗ ಎದುರಿನವನ ಕಸುಬನ್ನು ಗಮನಿಸುತ್ತಿದ್ದ. ಶೂಟಿಂಗ್‌ನ ಮೊದಲ ದಿನಗಳಲ್ಲಿ ಮಕ್ಕಳು ನಿಜಕ್ಕೂ ಹೆದರಲಿ ಅಂತ ಬಿಲ್‌ನನ್ನು ಅವರಿಂದ ದೂರ ಇಟ್ಟಿದ್ದರಂತೆ. ನನಗೆ ಅದು ಅನಗತ್ಯ ಉಪಾಯವೆಂದೇ ಅನ್ನಿಸುತ್ತದೆ. ಆ ಮಕ್ಕಳು ಅಷ್ಟು ಕಚ್ಚಾ ಆಗಿರಲಿಲ್ಲ ಎಂಬುದಕ್ಕೆ ಗ್ರೇಜರ್‌ನ ಒಂದೇ ಮಾತು ಸಾಕು.

ಆ ಜೊಲ್ಲಿನ ಕಥೆಯನ್ನೇ ನೋಡಿ. ಅದು ಬರೆದಿಟ್ಟು ಬಂದದ್ದಲ್ಲ, ಹಲ್ಲಿನಿಂದ ಬಂದದ್ದು. ಪೆನಿವೈಸ್‌ಗೆ ಮೊಲದ ಹಲ್ಲಿನಂತೆ ಮುಂದೆ ಚಾಚಿದ ಕೃತಕ ಹಲ್ಲು ಕೂರಿಸಿದ್ದರು. ಬಾಯಿಯೊಳಗೆ ಹೊಸ ವಸ್ತು ಬಂದರೆ ಲಾಲಾಗ್ರಂಥಿ ಅದನ್ನು ಊಟವೆಂದೇ ತಿಳಿಯುತ್ತದೆ, ಉಗುಳು ಹೆಚ್ಚುತ್ತದೆ. ನುಂಗಬೇಕೆಂದರೆ ತುಟಿ ಮುಚ್ಚಬೇಕು, ಹಲ್ಲು ಅಡ್ಡ ಇದ್ದರೆ ತುಟಿ ಕೂಡುವುದಿಲ್ಲ. ಹಾಗಾಗಿ ಸುರಿಯುತ್ತದೆ. ಮಾತಿಗೂ ತೊಡಕು: ಪ, ಬ, ಮ ಹೇಳಲು ಎರಡೂ ತುಟಿ ಸೇರಬೇಕು, ಸಕಾರ ಸೀಳಿ ಹೋಗುತ್ತದೆ. ಇಂಥ ಹಲ್ಲು ಹಾಕಿಕೊಂಡ ನಟರು ಸಾಮಾನ್ಯವಾಗಿ ಶಾಟ್ ನಡುವೆ ಒರೆಸಿಕೊಂಡು, ಹಲ್ಲನ್ನು ತೆಳ್ಳಗೆ ಮಾಡಿಕೊಡಿ ಅಂತ ಕೇಳುತ್ತಾರೆ. ಬಿಲ್ ಒರೆಸಲಿಲ್ಲ. ಹಸಿದ ಪ್ರಾಣಿಗೆ ಬಾಯಲ್ಲಿ ನೀರು ಬರುವುದು ಸಹಜವಲ್ಲವೇ? ತೊಡಕನ್ನೇ ಪಾತ್ರದ ಹಸಿವು ಮಾಡಿಕೊಂಡ. ಮಗುವಿನ ಮುಖದ ಮೇಲೆ ತೊಟ್ಟಿಕ್ಕಿದ್ದು ಅದೇ.

ಕಣ್ಣಿನ ಮಾತು ಇನ್ನೂ ಸೊಗಸು. ಚಿತ್ರದಲ್ಲಿ ಕೋಡಂಗಿಯ ಒಂದು ಕಣ್ಣು ಎದುರಿಗಿರುವ ಮಗುವನ್ನು ನೋಡುತ್ತಿದ್ದರೆ ಇನ್ನೊಂದು ಬೇರೆಲ್ಲೋ ತೇಲುತ್ತದೆ. ನಿರ್ದೇಶಕ ಆಂಡಿ ಮುಸ್ಕಿಯೆಟ್ಟಿ ಇದನ್ನು ಗ್ರಾಫಿಕ್ಸ್‌ನಲ್ಲಿ ಮಾಡಿಸೋಣ ಅಂದುಕೊಂಡಿದ್ದರು. ಅದು ನನಗೇ ಬರುತ್ತದೆ ಅಂತ ಬಿಲ್ ಅಲ್ಲೇ ಮಾಡಿ ತೋರಿಸಿದ. ಎರಡೂ ಕಣ್ಣನ್ನು ಒಂದೇ ಬಿಂದುವಿಗೆ ಹಿಡಿದಿಡುವ ಕೆಲಸವನ್ನು ಮೆದುಳು ನಮಗೆ ಗೊತ್ತಾಗದಂತೆ ಸದಾ ಮಾಡುತ್ತಿರುತ್ತದೆ. ಅವನು ಒಂದು ಕಣ್ಣಿನ ಹಿಡಿತವನ್ನು ಬೇಕೆಂದಾಗ ಸಡಿಲ ಬಿಡಬಲ್ಲ, ಆಗ ಅದು ಹೊರಕ್ಕೆ ಜಾರುತ್ತದೆ. ಕಣ್ಣು ಹಾಗೆ ಬೇರೆಯಾದರೆ ನೋಟ ಎರಡಾಗಿ ಕಾಣುವುದು ಸಹಜ, ಎದುರಿನ ವಸ್ತು ಎಷ್ಟು ದೂರವಿದೆ ಅನ್ನುವ ಅಂದಾಜೂ ತಪ್ಪುತ್ತದೆ. ಹೀಗಿರುವಾಗ ಸಂಭಾಷಣೆ ಹೇಳುತ್ತ, ಮಗುವಿನ ಎದುರು ನಿಂತು, ಕ್ಯಾಮೆರಾಕ್ಕೆ ಸರಿಯಾಗಿ ಸಿಗುವುದು ಸುಲಭದ ಮಾತಲ್ಲ. ಕೆಳದುಟಿಯನ್ನು ಕೊಂಕಿಸುವ ಆ ನಗುವೂ ಅವನದೇ, ಅದಕ್ಕೂ ಕಂಪ್ಯೂಟರ್ ಸಹಾಯ ಬೇಕಾಗಲಿಲ್ಲ.

ಬಿಲ್ ಬೆಳೆದ ಮನೆ ಎಂಥದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ತಂದೆ ಸ್ಟೆಲ್ಲಾನ್ ಸ್ಕಾರ್ಸ್‌ಗಾರ್ಡ್, 1951ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಟಿವಿ ಧಾರಾವಾಹಿಯಿಂದ ಸ್ವೀಡನ್‌ನ ಮನೆಮನೆಗೆ ಗೊತ್ತಾದವರು. 1972ರಿಂದ 1988ರವರೆಗೆ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ರಂಗಮಂದಿರ ಡ್ರಾಮಾಟೆನ್‌ನಲ್ಲಿ ಇದ್ದರು. 1982ರ 'ದಿ ಸಿಂಪಲ್ ಮೈಂಡೆಡ್ ಮರ್ಡರರ್' ಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ತಾಯಿ ಮೀ ವೈದ್ಯೆ. ದೊಡ್ಡ ಮಗ ಅಲೆಕ್ಸಾಂಡರ್ ಎಂಟು ವರ್ಷಕ್ಕೇ ಸಿನಿಮಾ ಮಾಡಿ, 13ಕ್ಕೆ ಸಾಕಪ್ಪಾ ಸಾಕು ಅಂತ ಬಿಟ್ಟು, ನೌಕಾಪಡೆಯಲ್ಲಿ ಸೇವೆ ಮುಗಿಸಿ, ಮತ್ತೆ ನಟನೆಗೇ ಬಂದ. 'ಬಿಗ್ ಲಿಟಲ್ ಲೈಸ್' ಟಿವಿ ಸರಣಿಗೆ 2017ರಲ್ಲಿ ಎಮ್ಮಿ ಪ್ರಶಸ್ತಿ ಗೆದ್ದ. ಎರಡನೆಯವನು ಗುಸ್ತಾಫ್, 'ವೈಕಿಂಗ್ಸ್' ಸರಣಿ ನೋಡಿದವರಿಗೆ ಅವನು ಫ್ಲೋಕಿ. ಮೂರನೆಯವನು ಸ್ಯಾಮ್ ತಾಯಿಯ ಹಾದಿ ಹಿಡಿದು ವೈದ್ಯನಾದ. ನಾಲ್ಕನೆಯವನು ಬಿಲ್, 1990ರ ಆಗಸ್ಟ್‌ನಲ್ಲಿ ಹುಟ್ಟಿದವನು. ತಮ್ಮ ವಾಲ್ಟರ್ ಕೂಡ ನಟನೇ.

ಬಿಲ್ ಮೊದಲ ಸಲ ಕ್ಯಾಮೆರಾ ಮುಂದೆ ನಿಂತದ್ದು 2000ರ ಸ್ವೀಡಿಷ್ ಚಿತ್ರವೊಂದರಲ್ಲಿ, ಅಣ್ಣ ಅಲೆಕ್ಸಾಂಡರ್ ಜೊತೆ. ಆಗ ಅವನ ವಯಸ್ಸು ಗ್ರೇಜರ್‌ನ ವಯಸ್ಸಿಗಿಂತಲೂ ಕಡಿಮೆ. ನನ್ನ ಮಟ್ಟಿಗೆ ಆ ಕೋಡಂಗಿ ದೃಶ್ಯದ ನಿಜವಾದ ತಿರುಳು ಇಲ್ಲಿದೆ. ಗಾಬರಿಯಿಂದ ಕೇಳಿದವನೂ ನಿರಾಳವಾಗಿ ಉತ್ತರಿಸಿದವನೂ ಒಂದೇ ಜಾತಿಯವರು. ಆಕ್ಷನ್ ಮತ್ತು ಕಟ್ ನಡುವೆ ಏನಾದರೂ ಆಗಬಹುದು, ಕಟ್ ಅಂದ ಮೇಲೆ ಎಲ್ಲರೂ ಊಟಕ್ಕೆ ಹೋಗುತ್ತಾರೆ ಎಂದು ಬಲ್ಲವರು. ನಟರ ಮನೆಯಲ್ಲಿ ಹುಟ್ಟಿದವರಿಗೆ ಸಿಗುವ ದೊಡ್ಡ ಆಸ್ತಿ ಇದು. ಅವಕಾಶದ ಬಾಗಿಲು ಆಮೇಲಿನ ಮಾತು. ಡ್ರಾಮಾಟೆನ್ ಬಿಟ್ಟ ಮೇಲೆ ಸ್ಟೆಲ್ಲಾನ್ ವರ್ಷಕ್ಕೆ ನಾಲ್ಕು ತಿಂಗಳು ಕ್ಯಾಮೆರಾ ಮುಂದೆ, ಎಂಟು ತಿಂಗಳು ಮನೆಯಲ್ಲಿ ಮಕ್ಕಳನ್ನು ತೊಳೆಸುವ ಕೆಲಸ ಎಂಬ ಲೆಕ್ಕದಲ್ಲಿ ಬದುಕಿದೆ ಎಂದು ಹೇಳಿಕೊಂಡಿದ್ದಾರೆ. ಅಡುಗೆ ಮಾಡುವ, ಮಕ್ಕಳನ್ನು ತೊಳೆಸುವ ಅಪ್ಪನ ಕಸುಬು ಮಕ್ಕಳಿಗೆ ಪವಾಡದಂತೆ ಕಾಣುವುದು ಹೇಗೆ?

ಅಪ್ಪನ ಹೆಸರಿನಿಂದ ಸಿಕ್ಕ ಪಾತ್ರ ಅಂತ ಬಿಲ್ ಬಗ್ಗೆ ಮೂಗು ಮುರಿಯುವವರಿಗೆ ನಾನು 'ನೊಸ್‌ಫೆರಾಟು' ಚಿತ್ರವನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ ಅನ್ನುತ್ತೇನೆ. 2024ರ ಕ್ರಿಸ್‌ಮಸ್‌ಗೆ ಅಮೆರಿಕದಲ್ಲಿ ಬಿಡುಗಡೆಯಾದ, ರಾಬರ್ಟ್ ಎಗರ್ಸ್ ನಿರ್ದೇಶನದ ಚಿತ್ರ. ಅದರಲ್ಲಿ ಅವನು ಕೌಂಟ್ ಆರ್ಲೊಕ್, ಸತ್ತ ಮೇಲೂ ಓಡಾಡುವ ರಕ್ತಪಿಪಾಸು. ಗುರುತೇ ಸಿಗುವುದಿಲ್ಲ. ಮೈಯೆಲ್ಲ ಕೊಳೆತ ಚರ್ಮದ ಮೇಕಪ್, ಮೀಸೆ, ದಪ್ಪ ಕೋಟು. ಮೇಕಪ್ ಕುರ್ಚಿಯಲ್ಲೇ ಆರು ಗಂಟೆಯಷ್ಟು ಕೂರಬೇಕಿತ್ತು. ಮುಖ ಹೀಗೆ ಮುಚ್ಚಿಹೋದಾಗ ನಟನ ಕೈಯಲ್ಲಿ ಉಳಿಯುವುದು ಸ್ವರವೊಂದೇ. ಆ ಸ್ವರವನ್ನು ಯಂತ್ರದಿಂದ ತಗ್ಗಿಸಿದ್ದಾರೆ ಎಂದು ಬಹಳ ಜನ ನಂಬಿದರು. ಹಾಗಲ್ಲ, ಅದು ನಟನದೇ ಸಾಧನೆ ಎಂದು ಎಗರ್ಸ್ ಸ್ಪಷ್ಟವಾಗಿ ಹೇಳಿದ್ದಾರೆ.

ಐಸ್‌ಲ್ಯಾಂಡಿನ ಒಪೆರಾ ಗಾಯಕಿ ಆಸ್ಗೆರ್ಡುರ್ ಯೂನಿಯುಸ್‌ದೊಟ್ಟಿರ್ ಅವರಿಂದ ಬಿಲ್ ಪಾಠ ಹೇಳಿಸಿಕೊಂಡ. ಗುರಿ, ತನ್ನ ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸುವುದು. ಗಂಡಸು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಅದುರುತ್ತವೆ. ಸ್ಥಾಯಿ ಇಳಿಯುವುದೆಂದರೆ ಅದರ ಅರ್ಧಕ್ಕೆ ಬರುವುದು. ಹೊಸಬರು ಇಲ್ಲಿ ಮಾಡುವ ತಪ್ಪು, ಗಂಟಲು ಬಿಗಿದು ದನಿಯನ್ನು ಕೆಳಕ್ಕೆ ಒತ್ತುವುದು. ಒತ್ತಿದರೆ ತಂತುಗಳು ಉಜ್ಜಿ ಊದಿಕೊಳ್ಳುತ್ತವೆ, ಸ್ವಲ್ಪ ಹೊತ್ತಿಗೆ ದನಿ ಒಡೆಯುತ್ತದೆ, ಮರುದಿನ ಶೂಟಿಂಗ್ ಕೆಡುತ್ತದೆ. ಮಾಡಬೇಕಾದದ್ದು ತಿರುಗುಮುರುಗು: ದವಡೆ ಮತ್ತು ನಾಲಿಗೆಯ ಬುಡ ಸಡಿಲ ಬಿಟ್ಟು, ಆಕಳಿಸುವಾಗಿನಂತೆ ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ, ಉಸಿರನ್ನು ನಿಧಾನವಾಗಿ ಬಿಡಬೇಕು. ಧ್ವನಿಪೆಟ್ಟಿಗೆ ಇಳಿದರೆ ಗಂಟಲಿನ ಕೊಳವೆ ಉದ್ದವಾಗುತ್ತದೆ, ಆಳು ಇರುವುದಕ್ಕಿಂತ ದೊಡ್ಡವನಂತೆ ಕೇಳುತ್ತಾನೆ. ಧಾರವಾಡದ ಕಡೆ ಬೆಳಗಿನ ಜಾವ ತಗ್ಗು ಸ್ವರದ ಖರಜ ಸಾಧನೆ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ, ಮಂದ್ರ ಷಡ್ಜ ಒತ್ತಾಯಕ್ಕೆ ಬರುವುದಿಲ್ಲ.

ಇದರ ಜೊತೆಗೆ ಮಂಗೋಲಿಯಾದ ಕಂಠಗಾಯನದ ಪಟ್ಟುಗಳನ್ನೂ ಬಿಲ್ ಅಭ್ಯಾಸ ಮಾಡಿದ್ದ. ಆ ಗಾಯನದ ಅತಿ ತಗ್ಗಿನ ಬಗೆಯಲ್ಲಿ, ಧ್ವನಿತಂತುಗಳ ಮೇಲಿರುವ ಇನ್ನೊಂದು ಜೋಡಿ ಮಡಿಕೆಗಳೂ ಆ ತಂತುಗಳ ಅರ್ಧ ವೇಗದಲ್ಲಿ ಅದುರುತ್ತವೆ, ಹಾಗಾಗಿ ಒಂದು ಸ್ಥಾಯಿ ಕೆಳಗಿನ ಗೊರಗುಟ್ಟುವಿಕೆ ತಾನಾಗಿ ಹುಟ್ಟುತ್ತದೆ. ಗಂಟಲನ್ನು ಹದಕ್ಕೆ ತಂದುಕೊಳ್ಳದೆ ನೇರ ಶಾಟ್‌ಗೆ ಹೋದರೆ ಬರೀ ಕೆಮ್ಮು ಬರುತ್ತದೆ. ಇಷ್ಟು ಕೆಳಗಿನ ದನಿಗೆ ಜೋರೂ ಇರುವುದಿಲ್ಲ, ಮೈಕ್ ಹತ್ತಿರ ಇರಬೇಕು, ಮಾತನ್ನು ತುಂಡು ತುಂಡಾಗಿ ಹೇಳಬೇಕು. ಆರ್ಲೊಕ್ ಪ್ರತಿ ಪದಗುಚ್ಛಕ್ಕೂ ಏದುಸಿರು ಎಳೆದುಕೊಳ್ಳುವುದನ್ನು ಗಮನಿಸಿ. ಸತ್ತವನಿಗೆ ಉಸಿರು ಯಾಕೆ ಅಂತ ಕೆಲವರು ಕೇಳಿದರು. ಸತ್ತ ದೇಹ ಮಾತಾಡಬೇಕಾದರೆ ಗಾಳಿಯನ್ನು ಹೊರಗಿನಿಂದ ಎಳೆದು ತುಂಬಬೇಕಲ್ಲ! ಪೆನಿವೈಸ್‌ನ ಜೊಲ್ಲಿನ ಹಾಗೆಯೇ ಇಲ್ಲೂ ದೇಹದ ತೊಡಕೇ ಪಾತ್ರವಾಗಿದೆ. ಅದರ ಮೇಲೆ, ಎಂದೋ ಅಳಿದುಹೋದ ಡೇಸಿಯನ್ ಭಾಷೆಯನ್ನು ವಿದ್ವಾಂಸರ ಊಹೆಯಿಂದ ಮತ್ತೆ ಕಟ್ಟಿ ಅವನ ಬಾಯಲ್ಲಿ ಆಡಿಸಿದ್ದಾರೆ. ಅದೇ ವರ್ಷ ಬಂದ ಅವನ 'ದಿ ಕ್ರೋ' ಚಿತ್ರ ನೆಲಕಚ್ಚಿತು. ಅಲ್ಲಿ ಅವನಿಗೆ ಮಾಡಲು ಇಂಥ ಕೆಲಸವನ್ನೇ ಯಾರೂ ಕೊಟ್ಟಿರಲಿಲ್ಲ. ಸುಂದರವಾಗಿ ಕಾಣಿಸು ಅಂದರೆ ಈ ನಟ ಸಾಧಾರಣನಾಗುತ್ತಾನೆ.

ಕಸುಬಿನ ಈ ಗಟ್ಟಿತನ ಅಪ್ಪನಲ್ಲೂ ಕಾಣುತ್ತದೆ, ಈಗಂತೂ ಇನ್ನೂ ಸ್ಪಷ್ಟವಾಗಿ. 2022ರಲ್ಲಿ ಸ್ಟೆಲ್ಲಾನ್‌ಗೆ ಪಾರ್ಶ್ವವಾಯು ತಾಗಿತು. ಅವರು ನಟಿಸುತ್ತಿದ್ದ 'ಆಂಡೋರ್' ಸರಣಿ ಮತ್ತು 'ಡ್ಯೂನ್' ಚಿತ್ರ ಎರಡರದ್ದೂ ಮುಂದಿನ ಭಾಗ ಬಾಕಿ ಇತ್ತು. ಸಂಭಾಷಣೆ ನೆನಪಿನಲ್ಲಿ ನಿಲ್ಲದಂತಾಯಿತು. ಅಂದಿನಿಂದ ಕಿವಿಯಲ್ಲಿ ಸಣ್ಣ ಇಯರ್‌ಪೀಸ್, ಆಚೆ ಸಾಲು ಓದಿ ಹೇಳುವ ಒಬ್ಬ ಪ್ರಾಂಪ್ಟರ್. ಇದು ಕೇಳಿದಷ್ಟು ಸಲೀಸಲ್ಲ. ಎದುರಿನ ನಟನ ಮಾತು ಮುಗಿಯಲಿ ಅಂತ ಕಾದು ಪ್ರಾಂಪ್ಟರ್ ಓದಿದರೆ, ಕೇಳಿ ಹೇಳುವಷ್ಟರಲ್ಲಿ ದೃಶ್ಯದ ಲಯ ಸತ್ತುಹೋಗುತ್ತದೆ. ಅದಕ್ಕೇ ಎದುರಿನವರು ಮಾತಾಡುತ್ತಿರುವಾಗಲೇ ಕಿವಿಯಲ್ಲಿ ತನ್ನ ಮುಂದಿನ ಸಾಲು ಬೀಳಬೇಕು. ಭಾವ ಹಾಕದೆ ಓದಬೇಕು, ಇಲ್ಲದಿದ್ದರೆ ಪ್ರಾಂಪ್ಟರ್‌ನ ಏರಿಳಿತವೇ ನಟನ ಬಾಯಿಗೆ ಬರುತ್ತದೆ. ಒಂದು ಕಿವಿಯಲ್ಲಿ ತನ್ನ ಸಾಲು, ಇನ್ನೊಂದರಲ್ಲಿ ಎದುರಿನವರ ಮಾತು, ಮುಖದಲ್ಲಿ ಮಾತ್ರ ಪೂರ್ತಿ ಆಲಿಸುತ್ತಿರುವ ಭಾವ. 2025ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆದ ಯೋಆಕಿಮ್ ತ್ರಿಯರ್ ಅವರ 'ಸೆಂಟಿಮೆಂಟಲ್ ವ್ಯಾಲ್ಯೂ' ಬಂದದ್ದು ಈ ಪೆಟ್ಟಿನ ನಂತರ. ಅದರಲ್ಲಿ ಅವರದು ಹೆಣ್ಣುಮಕ್ಕಳಿಗೆ ಎಟುಕದೆ ಉಳಿದ ಸಿನಿಮಾ ನಿರ್ದೇಶಕನ ಪಾತ್ರ, ಒಬ್ಬ ಮಗಳು ನಟಿ. ತನ್ನ ಬದುಕಿಗೆ ಇಷ್ಟು ಹತ್ತಿರದ, ಆದರೆ ತಾನು ಆಗದೆ ಉಳಿದ ಅಪ್ಪನನ್ನು ಆಡುವುದಕ್ಕೆ ಎಂಥ ಧೈರ್ಯ ಬೇಕು ಅಂತ ನೋಡುವಾಗಲೆಲ್ಲ ಅನ್ನಿಸುತ್ತದೆ.

ಗ್ರೇಜರ್‌ನ ಮಾತು ಬಿಲ್‌ಗೆ ಯಾಕೆ ಅಷ್ಟು ತಟ್ಟಿತು, ಅದನ್ನು ಯಾಕೆ ಹೋಗಿ ಹೇಳಿಕೊಂಡ ಎಂಬುದು ಇದನ್ನೆಲ್ಲ ಒಟ್ಟಿಗೆ ನೋಡಿದಾಗ ಅರ್ಥವಾಗುತ್ತದೆ. ಭಯದ ಹಿಂದಿರುವ ದುಡಿಮೆಯನ್ನು ಗುರುತಿಸುವವರು ಕಡಿಮೆ. ಹೊರಗಿನವರು ಹೆದರಿದರು, ಅಥವಾ ಮನೆತನದ ಹೆಸರು ಹೇಳಿದರು. ಹಲ್ಲು, ಕಣ್ಣು ಎರಡರ ಹಿಂದಿನ ಕಸುಬನ್ನೂ ನೋಡಿದವನು ಆ 12ರ ಹುಡುಗ.

2025ರ ಅಕ್ಟೋಬರ್‌ನಲ್ಲಿ ಶುರುವಾದ 'ವೆಲ್‌ಕಮ್ ಟು ಡೆರಿ' ಸರಣಿಯಲ್ಲಿ ಬಿಲ್ ಮತ್ತೆ ಪೆನಿವೈಸ್ ಆಗಿದ್ದಾನೆ. ಅದರಲ್ಲಿ ಕೋಡಂಗಿಯ ವೇಷಕ್ಕೆ ಮೂಲವಾದ ಬಾಬ್ ಗ್ರೇ ಎಂಬ ಮನುಷ್ಯನನ್ನೂ ಅವನೇ ಆಡಿದ್ದಾನೆ. ಬಾಬ್ ಗ್ರೇ ಜಾತ್ರೆಯಲ್ಲಿ ಆಟ ಕಟ್ಟುವ ವಿದೂಷಕ, ಮಗಳಿಗೂ ಅದೇ ಕಸುಬು ಹಿಡಿಸಿದವನು. ಪೆನಿವೈಸ್‌ಗಿಂತ ಇವನನ್ನು ಆಡುವುದೇ ಹೆಚ್ಚು ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ತೇಲುವ ಕಣ್ಣಿಲ್ಲ, ಜೊಲ್ಲಿಲ್ಲ, ದಣಿದ ಮನುಷ್ಯನೊಬ್ಬನ ಬರಿಯ ಮುಖ. ಮುಂದೆ ನಿರ್ದೇಶಕರು ಅವನಿಗೆ ಇಂಥ ಪಾತ್ರಗಳನ್ನು ಹೆಚ್ಚು ಕೊಡಲಿ, ಮೇಕಪ್ ಕುರ್ಚಿಯ ಆರು ಗಂಟೆ ಉಳಿಯಲಿ.