ಐದು ದಿನ ತಡವಾಗಿ ಹುಟ್ಟಿದ ಹಡಗು

ಲಂಡನ್ನಿನ ಗ್ರೀನಿಚ್‌ನಲ್ಲಿ ನಿಂತಿರುವ ‘ಕಟಿ ಸಾರ್ಕ್’ ಹಡಗನ್ನು ನಾನು ಮೊದಲು ನೋಡಿದ್ದು ಅದರ ಅಡಿಯಿಂದ. ನೆಲದಿಂದ ಸುಮಾರು ಮೂರು ಮೀಟರ್ ಮೇಲಕ್ಕೆತ್ತಿ ನಿಲ್ಲಿಸಿರುವುದರಿಂದ, ನೀರಿನಲ್ಲಿದ್ದಾಗ ಯಾರ ಕಣ್ಣಿಗೂ ಬೀಳದ ಹೊಟ್ಟೆಯ ಭಾಗ ಈಗ ನೋಡುವವರ ತಲೆಯ ಮೇಲಿದೆ. ಹೊಳೆಯುವ ಹಿತ್ತಾಳೆ ತಗಡುಗಳು, ಅಂಚಿನುದ್ದಕ್ಕೂ ಒತ್ತೊತ್ತಾಗಿ ಬಡಿದ ಮೊಳೆಗಳು. ಹುಳು ಮರ ಕೊರೆಯದಂತೆ, ಚಿಪ್ಪುಜೀವಿಗಳು ಅಂಟಿ ವೇಗ ತಗ್ಗದಂತೆ ತೊಡಿಸಿದ ಕವಚ ಅದು. ಮೂತಿಯಂತೂ ಕತ್ತಿಯ ಅಲಗಿನಷ್ಟು ಚೂಪು. ಬಹಳ ಹೊತ್ತು ಅಲ್ಲೇ ನಿಂತೆ.

ಚೀನಾದ ಹೊಸ ಚಹಾವನ್ನು ಬೇಗ ಲಂಡನ್ನಿಗೆ ಮುಟ್ಟಿಸಿದವರಿಗೆ ಒಳ್ಳೆಯ ಬೆಲೆ ಸಿಗುತ್ತಿದ್ದ ಕಾಲ. ಆ ಪೈಪೋಟಿಗೆಂದೇ ಕಟ್ಟಿದ ಈ ಹಾಯಿಹಡಗು 1869ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿಯಿತು. ಅದಕ್ಕೆ ಐದೇ ದಿನ ಮೊದಲು, ಆಫ್ರಿಕಾವನ್ನು ಸುತ್ತದೆ ಕೆಂಪು ಸಮುದ್ರದ ಮೂಲಕ ಏಷ್ಯಾಕ್ಕೆ ಹತ್ತಿರದ ದಾರಿಯಾದ ಸೂಯೆಜ್ ಕಾಲುವೆ ತೆರೆದಿತ್ತು! ಕೆಂಪು ಸಮುದ್ರದ ಗಾಳಿ ಹಾಯಿಗೆ ಒಲಿಯುವುದಿಲ್ಲ. ಕಾಲುವೆಯೊಳಗೆ ಹಾಯಿಹಡಗನ್ನು ಎಳೆದುಕೊಂಡೇ ಹೋಗಬೇಕು. ಉಗಿಹಡಗಿಗೆ ಆ ತೊಡಕಿಲ್ಲ. ಕಡಿಮೆ ಕಲ್ಲಿದ್ದಲಿನಲ್ಲಿ ದೂರ ಸಾಗುವ ಎಂಜಿನ್ನುಗಳನ್ನು ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ 1866ರಲ್ಲೇ ಚೀನಾದ ದಾರಿಗೆ ಹಾಕಿದ್ದರು. ಆಫ್ರಿಕಾವನ್ನು ಸುತ್ತಿ ಬರುವ ಕಟಿ ಸಾರ್ಕ್ ಚಹಾ ತಂದದ್ದು ಎಂಟೇ ಸಲ. ಆಮೇಲೆ ಆಸ್ಟ್ರೇಲಿಯಾದ ಉಣ್ಣೆ ಹೊತ್ತು ವೇಗದಲ್ಲಿ ಹೆಸರು ಮಾಡಿತು ನಿಜ, ಆದರೆ 1895ರಲ್ಲಿ ಪೋರ್ಚುಗೀಸರ ಪಾಲಾಯಿತು. ಕಟ್ಟಿದವರ ಕೈಗುಣದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಲಕಿತು.

ಹಡಗಿನ ಮಗ್ಗುಲಲ್ಲೇ ಗುಮ್ಮಟದ ಪುಟ್ಟ ಕಟ್ಟಡವಿದೆ. ಅದರೊಳಗಿನ ಸುತ್ತುಮೆಟ್ಟಿಲು ಇಳಿದರೆ ಥೇಮ್ಸ್ ನದಿಯ ಕೆಳಗಿನ ಕಾಲುದಾರಿ. ದಕ್ಷಿಣ ದಡದ ಕಾರ್ಮಿಕರು ಆಚೆಯ ಧಕ್ಕೆಗಳಿಗೆ ಕೆಲಸಕ್ಕೆ ನಡೆದು ಹೋಗಲೆಂದು 1902ರಲ್ಲಿ ತೆರೆದ ಸುರಂಗ. ಬಿಳಿ ಹೆಂಚಿನ ಗೋಡೆ, ತಣ್ಣನೆಯ ಗಾಳಿ, ಸುಮಾರು 370 ಮೀಟರ್ ಉದ್ದ. ಎದುರಿನಿಂದ ಬರುವವರ ಹೆಜ್ಜೆಸಪ್ಪಳ ಅವರು ಕಾಣುವ ಮೊದಲೇ ಕೇಳುತ್ತದೆ. ನಸುಕಿನಲ್ಲಿ ಇಲ್ಲಿ ನೂರಾರು ಬೂಟುಗಳು ಒಟ್ಟಿಗೆ ಸಪ್ಪಳ ಮಾಡುತ್ತಿದ್ದಾಗ ಹೇಗಿದ್ದಿರಬಹುದು ಎಂದುಕೊಳ್ಳುತ್ತ ನಡೆದೆ.

ಆಚೆ ದಡದಿಂದ ಇನ್ನೂ ಅರ್ಧ ಗಂಟೆ ಉತ್ತರಕ್ಕೆ ನಡೆದರೆ ವೆಸ್ಟ್ ಇಂಡಿಯಾ ಡಾಕ್ಸ್. 1802ರಲ್ಲಿ ತೆರೆದದ್ದು, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆವರು, ನೆತ್ತರು ಸುರಿಸಿ ಬೆಳೆದ ಸಕ್ಕರೆ ಬಂದಿಳಿಯುತ್ತಿದ್ದ ಜಾಗ. ಇದನ್ನು ಮರೆತು ಬ್ರಿಟನ್ನಿನ ಕಡಲ ವ್ಯಾಪಾರವನ್ನು ಕೊಂಡಾಡಲು ನನಗೆ ಮನಸ್ಸು ಬರುವುದಿಲ್ಲ. ಉಗಿಹಡಗುಗಳ ಕಾಲದಲ್ಲೂ ಧಕ್ಕೆಗಳು ತುಂಬಿಯೇ ಇದ್ದವು, ಏಕೆಂದರೆ ಮೂಟೆ, ಪೀಪಾಯಿ, ಪೆಟ್ಟಿಗೆ ಇಳಿಸಲು ಮನುಷ್ಯರ ಹೆಗಲೇ ಬೇಕಿತ್ತು. ಅದನ್ನು ತಪ್ಪಿಸಿದ್ದು ಕಂಟೇನರ್, ಅಂದರೆ ಸರಕು ತುಂಬಿ ಕ್ರೇನಿನಿಂದ ಎತ್ತಿಡುವ ದೊಡ್ಡ ಲೋಹದ ಪೆಟ್ಟಿಗೆ. ಹಲವು ದಿನ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಕಂಟೇನರ್ ಹಡಗುಗಳಿಗೆ ಆಳದ ನೀರು, ಪೆಟ್ಟಿಗೆಗಳನ್ನು ಪೇರಿಸಲು ವಿಶಾಲ ಬಯಲು ಬೇಕು. ಹಾಗಾಗಿ ವ್ಯಾಪಾರ ನದಿಯ ಕೆಳಹರಿವಿನ ಟಿಲ್‌ಬರಿಗೂ, ಪೂರ್ವ ಕರಾವಳಿಯ ಫೆಲಿಕ್ಸ್‌ಸ್ಟೋಗೂ ಸರಿಯಿತು. 1980ರಲ್ಲಿ ಈ ಡಾಕ್ ಮುಚ್ಚಿತು.

ಈಗ ನೀರಿನ ಸುತ್ತ ಬ್ಯಾಂಕುಗಳ ಗಾಜಿನ ಗೋಪುರಗಳು. ಹಳೆಯ ಉಗ್ರಾಣವೊಂದು ವಸ್ತುಸಂಗ್ರಹಾಲಯವಾಗಿದೆ. ಅದರ ಮುಂದೆ ದಡದಲ್ಲಿ ಕೆಲವು ಕ್ರೇನುಗಳನ್ನು ಹಾಗೆಯೇ ಉಳಿಸಿದ್ದಾರೆ. ಒಂದರ ಕಬ್ಬಿಣದ ಕಾಲಿಗೆ ಕೈಯಿಟ್ಟು ನಿಂತೆ. ಅದರ ಉದ್ದನೆಯ ತೋಳು ನೀರಿನತ್ತ ಚಾಚಿಕೊಂಡೇ ಇತ್ತು.