ಚಾಪ್ಲಿನ್ ಗೆದ್ದದ್ದು ಅದೃಷ್ಟದಿಂದಲೇ?

ಚಾರ್ಲಿ ಚಾಪ್ಲಿನ್ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: ಲಂಡನ್ನಿನ ಬಡವರ ಆಶ್ರಯಶಾಲೆಯಲ್ಲಿದ್ದ ಹುಡುಗ, ಸಿನಿಮಾಕ್ಕೆ ಬಂದ ಎರಡೇ ವರ್ಷಗಳಲ್ಲಿ ಅಷ್ಟು ದೊಡ್ಡ ಸಂಬಳಗಾರನಾದದ್ದು ಹೇಗೆ? ಅದೃಷ್ಟವಲ್ಲವೇ?

ಎರಡು ವರ್ಷ ಎಂಬ ಲೆಕ್ಕವೇ ತಪ್ಪು. 1914ರ ಆರಂಭದಲ್ಲಿ ಮೊದಲ ಬಾರಿ ಕ್ಯಾಮೆರಾ ಮುಂದೆ ನಿಂತಾಗ ಅವನಿಗೆ 24 ವರ್ಷ; ರಂಗ ಹತ್ತಿ ಆಗಲೇ ಸುಮಾರು 15 ವರ್ಷವಾಗಿತ್ತು. ತಂದೆ ತಾಯಿ ಇಬ್ಬರೂ ಮ್ಯೂಸಿಕ್ ಹಾಲ್ ಎಂಬ ಜನಪ್ರಿಯ ರಂಗಮಂದಿರಗಳ ಗಾಯಕರು. ತಂದೆ ಮನೆ ಬಿಟ್ಟು ಹೋಗಿ, ಕುಡಿತಕ್ಕೆ ಬಿದ್ದು 1901ರಲ್ಲಿ ತೀರಿಕೊಂಡ. ತಾಯಿ ಹ್ಯಾನಾಳ ದನಿ ಹೋಯಿತು, ಆಮೇಲೆ ಮನಸ್ಸಿನ ಸ್ವಾಸ್ಥ್ಯವೂ ಹೋಯಿತು. 1896ರಲ್ಲಿ, ಏಳನೆಯ ವಯಸ್ಸಿಗೆ, ಚಾರ್ಲಿ ಬಡವರ ಆಶ್ರಯಶಾಲೆಯಾದ ಲ್ಯಾಂಬೆತ್ ವರ್ಕ್‌ಹೌಸ್ ಸೇರಿದ. ಅಲ್ಲಿಂದ ಹ್ಯಾನ್‌ವೆಲ್‌ನ ಬಡಮಕ್ಕಳ ಶಾಲೆಗೆ. ಹತ್ತರ ಆಸುಪಾಸಿನಲ್ಲಿ ಮರದ ಪಾದರಕ್ಷೆ ತೊಟ್ಟು ಕುಣಿಯುವ ಮಕ್ಕಳ ತಂಡದಲ್ಲಿದ್ದ. 14ಕ್ಕೆ ಷೆರ್ಲಾಕ್ ಹೋಮ್ಸ್ ನಾಟಕದಲ್ಲಿ ಆಳುಹುಡುಗ ಬಿಲ್ಲಿಯ ಪಾತ್ರ ಸಿಕ್ಕಿತು. ಸಂಬಳ ವಾರಕ್ಕೆ 2 ಪೌಂಡ್ 10 ಶಿಲ್ಲಿಂಗ್. ಸರಾಗವಾಗಿ ಓದಲೂ ಬಾರದವನಿಗೆ ಮಾತುಗಳನ್ನು ಬಾಯಿಪಾಠ ಮಾಡಿಸಿದವನು ಅಣ್ಣ ಸಿಡ್ನಿ. 1908ರಲ್ಲಿ ಫ್ರೆಡ್ ಕಾರ್ನೊನ ಹಾಸ್ಯ ನಾಟಕ ಕಂಪನಿಗೆ ಸೇರಿಸಿದವನೂ ಅವನೇ. ಮಾತಿಲ್ಲದೆ ನಗಿಸುವುದು, ಕುಡುಕನಂತೆ ತೂರಾಡುತ್ತಲೇ ಸಮತೋಲ ತಪ್ಪದೆ ಬೀಳುವುದು, ಒಂದೇ ಹಾಸ್ಯವನ್ನು ನೂರಾರು ರಾತ್ರಿ ಆಡಿ ಹದಗೊಳಿಸುವುದು, ಇವೆಲ್ಲ ಕಾರ್ನೊ ಗರಡಿಯ ಪಾಠ. ಆ ಕಂಪನಿಯೊಂದಿಗೆ ಅಮೆರಿಕ ಸುತ್ತುವಾಗಲೇ ಕೀಸ್ಟೋನ್ ಸ್ಟುಡಿಯೊ ಅವನನ್ನು ವಾರಕ್ಕೆ 150 ಡಾಲರಿಗೆ ಕರೆದದ್ದು.

ಅವನ ಅಲೆಮಾರಿ ಪಾತ್ರದ ಸಡಿಲ ಪ್ಯಾಂಟು, ಬಿಗಿ ಕೋಟು, ಬೆತ್ತದ ಕತೆ ಎಲ್ಲರಿಗೂ ಗೊತ್ತು. ಕೀಸ್ಟೋನ್‌ನಲ್ಲಿ ಅವನು ಕಂಡುಕೊಂಡ ಇನ್ನೊಂದು ಉಪಾಯ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು. ಅಲ್ಲಿ ಎಲ್ಲವೂ ಓಡಾಟ, ಬೆನ್ನಟ್ಟುವಿಕೆ. ನಿಧಾನವಾಗಿ ಅರಳುವ ಅಭಿನಯ ಸಂಕಲನದ ಮೇಜಿನ ಮೇಲೆ ಕತ್ತರಿಗೆ ಸಿಗುತ್ತಿತ್ತು. ಕತ್ತರಿ ಬೀಳುವುದು ದೃಶ್ಯದ ನಡುವೆ ಎಂದು ಗಮನಿಸಿದ ಚಾಪ್ಲಿನ್, ತನ್ನ ಹಾಸ್ಯವನ್ನು ಒಳಬರುವ ಗಳಿಗೆಗೂ ಹೊರಹೋಗುವ ಗಳಿಗೆಗೂ ಅಂಟಿಸಿದ. ಅದನ್ನು ಕತ್ತರಿಸಿದರೆ ಪಾತ್ರ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬುದೇ ತಿಳಿಯುವುದಿಲ್ಲ! ಕೆಲವೇ ತಿಂಗಳಲ್ಲಿ ನಿರ್ದೇಶನವನ್ನೂ ಕೇಳಿ ಪಡೆದ. ಚಿತ್ರ ಬಿಡುಗಡೆಗೆ ಲಾಯಕ್ಕಾಗದಿದ್ದರೆ ತನ್ನ ಉಳಿತಾಯದ 1,500 ಡಾಲರ್ ಕೊಡುವುದಾಗಿ ಒಪ್ಪಿಕೊಂಡು.

ಮುಂದೆ ಸಂಬಳ ಏರಿದ್ದು ದಿಗಿಲು ಹುಟ್ಟಿಸುವಂತಿದೆ. 1915ರಲ್ಲಿ ಎಸ್ಸನೇ ಕಂಪನಿಯಲ್ಲಿ ವಾರಕ್ಕೆ 1,250 ಡಾಲರ್. 1916ರಲ್ಲಿ ಮ್ಯೂಚುಯಲ್‌ನಲ್ಲಿ ವಾರಕ್ಕೆ 10,000, ಜೊತೆಗೆ ಸಹಿ ಹಾಕಿದ್ದಕ್ಕೆ 1,50,000. ಒಟ್ಟು ವರ್ಷಕ್ಕೆ 6,70,000 ಡಾಲರ್. ಜನ ನೋಡುವುದು ಇಷ್ಟನ್ನೇ. ಚಾಪ್ಲಿನ್ ಹಣದ ಜೊತೆ ಕೇಳುತ್ತಾ ಹೋದದ್ದು ಸಮಯವನ್ನು. 1914ರ ಒಂದೇ ವರ್ಷದಲ್ಲಿ 36 ಚಿತ್ರಗಳಲ್ಲಿ ನಟಿಸಿದವನು ಮ್ಯೂಚುಯಲ್‌ಗೆ ವರ್ಷಕ್ಕೆ 12 ಚಿತ್ರ ಎಂದು ಒಪ್ಪಿ, ಅದಕ್ಕೂ ಒಂದು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡ. ಬರೆದಿಟ್ಟ ಕತೆ ಇರುತ್ತಿರಲಿಲ್ಲ. ಫಿಲ್ಮಿನ ಮೇಲೆಯೇ ಹುಡುಕುತ್ತಿದ್ದ. 'ದಿ ಇಮಿಗ್ರಂಟ್' ಶುರುವಾದದ್ದು ಹೋಟೆಲಿನ ದೃಶ್ಯದಿಂದ. ಹಡಗಿನ ಭಾಗ ಆಮೇಲೆ ಹೊಳೆದದ್ದು.

ಪೆಟ್ಟೂ ತಿಂದ. ಅವನು ಹೊರಟುಹೋದ ಮೇಲೆ ಎಸ್ಸನೇ, ಅವನ ಎರಡು ರೀಲಿನ 'ಕಾರ್ಮೆನ್' ಎಂಬ ಪ್ರಸಿದ್ಧ ಕತೆಯ ವಿಡಂಬನೆಗೆ ಬಿಸಾಡಿದ ತುಣುಕುಗಳನ್ನೂ ಬೇರೆಯವರಿಂದ ತೆಗೆಸಿದ ದೃಶ್ಯಗಳನ್ನೂ ಸೇರಿಸಿ ನಾಲ್ಕು ರೀಲಿಗೆ ಎಳೆಯಿತು. ಚಾಪ್ಲಿನ್ ಕೋರ್ಟಿಗೆ ಹೋಗಿ ಸೋತ. ಅಂದಿನಿಂದ, ತನ್ನ ಚಿತ್ರವನ್ನು ಯಾರೂ ತಿದ್ದಕೂಡದು ಎಂಬ ಷರತ್ತು ಅವನ ಕರಾರುಗಳಿಗೆ ಸೇರಿತು. 1917ರ ಫಸ್ಟ್ ನ್ಯಾಷನಲ್ ಕಂಪನಿಯ ಕರಾರು 10 ಲಕ್ಷ ಡಾಲರಿನದು, 8 ಚಿತ್ರಗಳಿಗೆ. ತಯಾರಿಕೆಯ ಖರ್ಚು ಅವನದೇ, ಆದರೆ ಕೆಲವು ವರ್ಷಗಳ ನಂತರ ಚಿತ್ರಗಳ ಹಕ್ಕು ಅವನಿಗೇ ಮರಳುತ್ತಿತ್ತು. ಅವನ ಬದುಕಿನಲ್ಲಿ ಇದಕ್ಕಿಂತ ಜಾಣ ಸಹಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1918ಕ್ಕೆ ಹಾಲಿವುಡ್‌ನಲ್ಲಿ ಸ್ವಂತ ಸ್ಟುಡಿಯೊ. 1919ರಲ್ಲಿ ನಟರಾದ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ಜೊತೆ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಚಿತ್ರ ಹಂಚಿಕೆ ಕಂಪನಿ. ಹಂಚಿಕೆಯೂ ಕೈಗೆ ಬಂತು.

ಈ ಸ್ವಾತಂತ್ರ್ಯ ಯಾವುದಕ್ಕೆ ಬೇಕಿತ್ತು ಎಂಬುದು 1931ರ 'ಸಿಟಿ ಲೈಟ್ಸ್'ನಲ್ಲಿ ಕಾಣುತ್ತದೆ. ಹೂ ಮಾರುವ ಕುರುಡಿ ಅಲೆಮಾರಿಯನ್ನು ಶ್ರೀಮಂತನೆಂದು ನಂಬಬೇಕು. ಅದೂ ಮೂಕಿ ಚಿತ್ರದಲ್ಲಿ, ವಿವರಣೆಯಿಲ್ಲದೆ. ಆ ದೃಶ್ಯವನ್ನು 342 ಸಲ ತೆಗೆದ. ಕೊನೆಗೆ ಸಿಕ್ಕ ಉತ್ತರ ಒಂದು ಕಾರಿನ ಬಾಗಿಲು: ಅಲೆಮಾರಿ ನಿಂತ ಕಾರಿನೊಳಗಿಂದ ತೂರಿ ಈಚೆ ಬರುತ್ತಾನೆ, ಬಾಗಿಲು ಮುಚ್ಚುತ್ತದೆ, ಅವಳು ಅತ್ತ ಕಿವಿಗೊಡುತ್ತಾಳೆ. ಬೇರೆಯವರ ಸ್ಟುಡಿಯೊದಲ್ಲಿ ವಾರದ ಸಂಬಳಕ್ಕಿದ್ದ ನಿರ್ದೇಶಕನಿಗೆ ಆ ಬಾಗಿಲು ಸಿಗುವ ತನಕ ಕಾಯಲು ಯಾರು ಬಿಡುತ್ತಿದ್ದರು?

ಹಾಗಾದರೆ ಬಡತನ ಏನು ಕೊಟ್ಟಿತು? ಧೈರ್ಯ, ಛಲ ಎಂದೆಲ್ಲ ಹೇಳುವವರಿದ್ದಾರೆ. ನನಗೆ ಕಾಣುವುದು ಚಿತ್ರಗಳಿಗೆ ಸಿಕ್ಕ ವಸ್ತು. 1921ರ 'ದಿ ಕಿಡ್' ಚಿತ್ರದ ಅಟ್ಟದ ಕೋಣೆಯ ಇಳಿಜಾರು ಛಾವಣಿ, ತಾಯಿಯ ಜೊತೆ ಅವನಿದ್ದ ಪೌನಲ್ ಟೆರೇಸ್‌ನ ಕೋಣೆಯನ್ನು ಬಲ್ಲವನೇ ಹಾಕಿಸಬಹುದಾದದ್ದು. ಮಗುವನ್ನು ಅನಾಥಾಲಯದವರು ಗಾಡಿಗೆ ಹಾಕಿಕೊಂಡು ಒಯ್ಯುವುದೂ ಅದೇ ಚಿತ್ರದಲ್ಲಿ. ಆ ವರ್ಷವೇ ಅವನು ತಾಯಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡ. 1928ರಲ್ಲಿ ತೀರಿಕೊಳ್ಳುವವರೆಗೂ ಹ್ಯಾನಾ ಅಲ್ಲೇ, ಆರೈಕೆ ಮಾಡುವವರಿದ್ದ ಮನೆಯಲ್ಲಿದ್ದಳು.