ಹೊಟ್ಟೆ ಸೀಳಿದ ‘ಷ’ ಮತ್ತು ಎರಡು ಸಾವಿರ ಕಾರ್ಡು

ನಮ್ಮ ಆಫೀಸಿನಿಂದ ಗ್ರಾಹಕರಿಗೆ, ಸಿಬ್ಬಂದಿಗೆ ಹೋಗುವ ಕನ್ನಡ ಶುಭಾಶಯಗಳನ್ನು ಬರೆಯುವುದು ನನ್ನ ಪಾಲಿನ ಕೆಲಸ. ಹಬ್ಬ, ಹುಟ್ಟುಹಬ್ಬ, ಮದುವೆ, ನಿವೃತ್ತಿ, ರಾಜ್ಯೋತ್ಸವ, ಎಲ್ಲವೂ. ‘ಎರಡು ಸಾಲು ಬರೆಯೋಕೂ ಒಬ್ಬರು ಬೇಕಾ?’ ಅಂತ ಸ್ನೇಹಿತರು ನಗುತ್ತಾರೆ. ಸೇರಿದ ಹೊಸದರಲ್ಲಿ ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಇರಬೇಕು, ನನ್ನ ಮೊದಲ ಯುಗಾದಿಗೆ ‘ಹಾರ್ಧಿಕ ಶುಭಾಷಯಗಳು’ ಅಂತ ಎರಡು ಸಾವಿರ ಕಾರ್ಡು ಅಚ್ಚಾಗಿ ಬಂದವು. ಪ್ರೂಫ್ ನೋಡಿ ಸಹಿ ಹಾಕಿದವನು ನಾನೇ. ಬಂಡಲ್ ಬಿಚ್ಚಿದ ಅಟೆಂಡರ್ ಒಂದು ಕಾರ್ಡು ಕೈಗೆ ತೆಗೆದುಕೊಂಡು, ‘ಸಾರ್, ಇದಕ್ಕೆ ಹೊಟ್ಟೆ ಸೀಳಿದ ಷ ಬರಲ್ಲ ಅಲ್ವಾ?’ ಅಂದರು. ಇರುವುದೇ ಎರಡು ಪದ. ಎರಡೂ ತಪ್ಪು.

ಶುಭ, ಆಶಯ ಸೇರಿ ಶುಭಾಶಯ. ಆಶಯದಲ್ಲಿ ಹೊಟ್ಟೆ ಸೀಳಿದ ಷ ಎಲ್ಲಿಂದ ಬರಬೇಕು? ಭಾಷೆ, ಭಾಷಣ ಅಂತ ಬರೆದು ಬರೆದು ಕೈ ಆ ಕಡೆಗೇ ಎಳೆಯುತ್ತದೆ, ಅಷ್ಟೆ. ಇನ್ನು ಹಾರ್ದಿಕ ಬಂದದ್ದು ಹೃದಯದಿಂದ. ಹೃದಯದ ‘ದ’ಕ್ಕೆ ಕೆಳಗೆ ಗೀಟಿಲ್ಲ, ಹಾಗಾಗಿ ಇದಕ್ಕೂ ಇಲ್ಲ. ಅವತ್ತಿನಿಂದ ಅನುಮಾನ ಬಂದ ಪದವನ್ನೆಲ್ಲ ಒಡೆದು ನೋಡುವ ಚಟ ಹತ್ತಿಕೊಂಡಿತು. ರಾಜ್ಯ, ಉತ್ಸವ ಸೇರಿದರೆ ರಾಜ್ಯೋತ್ಸವ. ಅದೇ ಗುಂಗಿನಲ್ಲಿ ಬ್ಯಾನರ್ ತುಂಬ ‘ಜಯಂತ್ಯೋತ್ಸವ’ ಅಂತಲೂ ಬರೆಯುತ್ತಾರೆ. ಆದರೆ ಅದು ‘ಜಯಂತ’ ಅಲ್ಲ, ಜಯಂತಿ. ಕೊನೆಗೆ ಇಕಾರ ಇದೆ. ಉತ್ಸವ ಸೇರಿದರೆ ಜಯಂತ್ಯುತ್ಸವ ಆಗುತ್ತದೆ. ಇದನ್ನು ಸರಿಯಾಗಿ ಬರೆದು ಕಳಿಸಿದರೆ ತಪ್ಪು ಅಂತ ತಿದ್ದಿ ವಾಪಸ್ ಕಳಿಸುವವರೂ ಇದ್ದಾರೆ. ಈಗ ಜಗಳವೇ ಬೇಡ ಅಂತ ಸುಮ್ನೆ ‘ಜಯಂತಿ’ ಎಂದಷ್ಟೇ ಬರೆದು ಮುಗಿಸುತ್ತೇನೆ.

ಹೊಟ್ಟೆ ಸೀಳಿದ ಷ ನಿಜವಾಗಿ ಬೇಕಾದ ಕಡೆಯೂ ನಾನು ಎಡವಿದ್ದೇನೆ. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಅರವತ್ತು ತುಂಬಿತ್ತು. ‘ಷಷ್ಠ್ಯಬ್ದಿಯ ಶುಭಾಶಯಗಳು’ ಅಂತ ಬರೆದೆ. ಷಷ್ಠಿ ಅಂದರೆ ಆರನೆಯ ತಿಥಿ. ಅರವತ್ತಕ್ಕೆ ಷಷ್ಟಿ, ಆದ್ದರಿಂದ ಷಷ್ಟ್ಯಬ್ದಿ. ಅವರು ನಗುತ್ತಲೇ ಕಾರ್ಡು ತೆಗೆದುಕೊಂಡರು. ‘ಅರವತ್ತನ್ನ ಆರು ಮಾಡಿದ್ದೀಯ, ಒಳ್ಳೇದೇ ಆಯ್ತು ಬಿಡಪ್ಪಾ’ ಅಂದರು.

ನಾವು ಸರಿಯಾಗಿ ಬರೆದರೂ ಡಿಸೈನ್ ಹಂತದಲ್ಲಿ ಕೆಡುವುದು ಇನ್ನೊಂದು ಕಥೆ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೇನೆ, ಡಿಸೈನ್ ಮಾಡುವವರು ಅದನ್ನು ತಮ್ಮ ಹಳೆಯ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ, ಆ ಗಡಿಬಿಡಿಯಲ್ಲಿ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಜಾಸ್ತಿ ಪೆಟ್ಟು ತಿನ್ನುವುದು ‘ಸ್ವಾತಂತ್ರ್ಯ’. ಅದರ ಕೊನೆಯ ಅಕ್ಷರದಲ್ಲಿ ರ ಒತ್ತು, ಯ ಒತ್ತು ಎರಡೂ ಇರಬೇಕು. ಯ ಒತ್ತು ಬಿದ್ದುಹೋದರೆ ಯಾರೂ ಗಮನಿಸುವುದಿಲ್ಲ, ಯಾಕೆಂದರೆ ಬಾಯಲ್ಲಿ ನಾವು ಹೇಳುವುದೂ ‘ಸ್ವಾತಂತ್ರ’ ಅಂತಲೇ. ಅರ್ಕಾವತ್ತು ಇನ್ನೂ ತುಂಟ. ಒಂದಕ್ಷರ ಆಚೆ ಜಾರಿರುತ್ತದೆ. ಅದಕ್ಕೇ ನಾನು ಕಳಿಸಿದ ಸಾಲನ್ನು ನಂಬುವುದಿಲ್ಲ. ಅಚ್ಚಿಗೆ ಹೋಗುವ ಚಿತ್ರವನ್ನೇ ತರಿಸಿಕೊಂಡು ಕೊನೆಯ ಪದದಿಂದ ಹಿಂದಕ್ಕೆ ಓದುತ್ತೇನೆ. ಮುಂದಿನಿಂದ ಓದಿದರೆ ಕಣ್ಣು ತನಗೆ ಬೇಕಾದದ್ದನ್ನು ಓದಿಕೊಂಡು ಹೋಗಿಬಿಡುತ್ತದೆ.

2022ರ ಆಗಸ್ಟ್‌ನಲ್ಲಿ ಆಫೀಸಿನಲ್ಲಿ ಎರಡು ಪಕ್ಷ ಆಗಿತ್ತು. 75ನೇ ಸ್ವಾತಂತ್ರ್ಯ ದಿನವೋ, 76ನೆಯದೋ? 1947ರ ಆಗಸ್ಟ್ 15ನ್ನೇ ಮೊದಲನೆಯದು ಅಂತ ಎಣಿಸಿದರೆ 2022ರದ್ದು 76ನೆಯದು. ಆದರೆ ಸ್ವಾತಂತ್ರ್ಯ ಬಂದು ತುಂಬಿದ್ದು 75 ವರ್ಷ. ‘75 ವರ್ಷ’ ಅಂದವರೂ ಸರಿ, ‘76ನೇ ದಿನಾಚರಣೆ’ ಅಂದವರೂ ಸರಿ, ಎರಡನ್ನೂ ಕಲಸಿ ‘75ನೇ ದಿನಾಚರಣೆ’ ಅಂತ ಬರೆದಾಗ ಲೆಕ್ಕ ತಪ್ಪುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಮದುವೆಯ ದಿನವನ್ನೇ ಮೊದಲ ವಾರ್ಷಿಕೋತ್ಸವ ಅಂತ ಯಾರೂ ಎಣಿಸುವುದಿಲ್ಲವಲ್ಲ!

ಇವೆಲ್ಲ ನಕ್ಕು ಮರೆಯುವಂಥವು. ಪದ ಸರಿಯಿದ್ದು ದಿನ ತಪ್ಪಿದರೆ ಕಷ್ಟ. ಹೆಸರಿನಲ್ಲಿ ಗುಡ್ ಇದೆ ಅಂತ ಗುಡ್ ಫ್ರೈಡೇಗೆ ಶುಭಾಶಯ ಕಳಿಸುವವರಿದ್ದಾರೆ. ಅದು ಏಸು ಶಿಲುಬೆಗೇರಿದ ದಿನ. ಶುಭಾಶಯ ಹೇಳಬೇಕಾದದ್ದು ಈಸ್ಟರ್‌ಗೆ. ಮೊಹರಂ ಹತ್ತನೆಯ ದಿನವೂ ಹಾಗೆಯೇ, ಇಮಾಮ್ ಹುಸೇನ್ ಕರ್ಬಲಾದಲ್ಲಿ ಹುತಾತ್ಮರಾದ ನೆನಪಿನ ದಿನ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಇದ್ದ ಮಾತ್ರಕ್ಕೆ ಎಲ್ಲವೂ ಹಬ್ಬ ಅಲ್ಲ. ಈದ್ ಶುಭಾಶಯವನ್ನಂತೂ ಮೊದಲೇ ಬರೆದಿಟ್ಟರೂ ಟೈಮ್ ಹಾಕಿ ಇಡುವುದಿಲ್ಲ. ಚಂದ್ರ ಕಂಡ ಸುದ್ದಿ ಬಂದ ಮೇಲೆಯೇ ಬಟನ್ ಒತ್ತುವುದು.

ಟೈಮ್ ಹಾಕಿ ಇಡುವುದರ ಬಗ್ಗೆ ನನಗೆ ಭಯ ಹುಟ್ಟಿಸಿದ್ದು ಒಂದು ಫೋನ್. ಗ್ರಾಹಕರ ಹುಟ್ಟುಹಬ್ಬಕ್ಕೆ ನಮ್ಮಲ್ಲಿ ತಂತಾನೇ ಮೆಸೇಜ್ ಹೋಗುತ್ತದೆ. ‘ನೂರು ಕಾಲ ಸುಖವಾಗಿ ಬಾಳಿ’ ಅನ್ನುವ ಸಾಲು ನಾನೇ ಬರೆದದ್ದು, ಚೆನ್ನಾಗಿದೆ ಅಂತ ಹೆಮ್ಮೆಯೂ ಇತ್ತು. ಒಂದು ಬೆಳಿಗ್ಗೆ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ‘ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಮರಣ ಪತ್ರ ನಾನೇ ತಂದುಕೊಟ್ಟಿದ್ದೆ. ಅವರ ಫೋನ್ ಈಗ ಅಮ್ಮನ ಹತ್ತಿರ ಇದೆ.’ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮರಣ ಪತ್ರ ಒಂದು ವಿಭಾಗದಲ್ಲಿತ್ತು, ಹುಟ್ಟುಹಬ್ಬದ ಪಟ್ಟಿ ಇನ್ನೊಂದರಲ್ಲಿ. ಕ್ಷಮೆ ಕೇಳಿ ಪತ್ರ ಬರೆಯಲು ಕೂತೆ. ನಾಲ್ಕು ಸಾಲಿಗೆ ಮಧ್ಯಾಹ್ನದವರೆಗೂ ಹಿಡಿಯಿತು. ಈಗ ಪ್ರತಿ ತಿಂಗಳ ಮೊದಲ ದಿನ ಆ ಎರಡು ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ಹೆಸರು ಹೊಡೆದು ಹಾಕುವುದು ನನ್ನದೇ ಕೆಲಸ. ‘ನೂರು ಕಾಲ’ದ ಸಾಲನ್ನೂ ತೆಗೆದೆ. ‘ಹುಟ್ಟುಹಬ್ಬದ ಶುಭಾಶಯಗಳು’ ಅಂತ ಮಾತ್ರ ಹೋಗುತ್ತದೆ. ಒಣಕಲು ಅಂತ ಒಬ್ಬಿಬ್ಬರು ಹೇಳಿದರು. ಇರಲಿ.

2026ರ ಯುಗಾದಿಯ ಕಾರ್ಡಿಗೆ ಬೇರೆಯೇ ಪಂಚಾಯಿತಿ. ಸಂವತ್ಸರದ ಹೆಸರು ಹಾಕಿದರೆ ಗತ್ತು ಬರುತ್ತದೆ ಅಂತ ‘ಪರಾಭವ ನಾಮ ಸಂವತ್ಸರದ ಶುಭಾಶಯಗಳು’ ಎಂದು ಬರೆದು ಮ್ಯಾನೇಜರ್ ಮುಂದಿಟ್ಟೆ. ‘ಸೋಲಿಗೆ ಯಾರಾದ್ರೂ ಶುಭಾಶಯ ಹೇಳ್ತಾರೇನ್ರೀ?’ ಅಂದರು. ಅರವತ್ತು ಸಂವತ್ಸರದ ಸುತ್ತಿನಲ್ಲಿ ಅದರ ಹೆಸರೇ ಅದು, ನಾನು ಏನು ಮಾಡಲಿ? 2024ರದ್ದು ಕ್ರೋಧಿ. ಅಂದರೆ ಸಿಟ್ಟಿನವನು. ಆಗ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದೆವು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಕೊನೆಗೆ ‘ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದೇ ಹಾಕಿದೆವು. ಮುಂದಿನದು ಪ್ಲವಂಗ. ಅಂದರೆ ಕೋತಿ. ಮ್ಯಾನೇಜರ್‌ಗೆ ಇನ್ನೂ ಹೇಳಿಲ್ಲ.